ಕ್ಲೌಡ್ ತಂತ್ರಾಂಶದ ಗುರುತುಚೀಟಿಗಳು: ಸದಸ್ಯರು ತಿಳಿದಿರಬೇಕಾದ ಕೆಲವು ಸಂಗತಿಗಳು

ಸಂಘದ ತೂಕದ ಚೀಟಿ, ಮುಂಗಡದ ಬಾಕಿ, ಗೊಬ್ಬರದ ಲೆಕ್ಕ ಇವನ್ನೆಲ್ಲ ಮೊಬೈಲ್ ಫೋನಿನಲ್ಲೇ ನೋಡುವ ವ್ಯವಸ್ಥೆ ಬಂದಾಗಿನಿಂದ ಸದಸ್ಯರಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ‘ನಮ್ಮ ಲೆಕ್ಕ ಕ್ಲೌಡಿನಲ್ಲಿದೆ ಎನ್ನುತ್ತೀರಿ. ಅಲ್ಲಿ ನಮ್ಮದು ಯಾವುದು, ಪರರದು ಯಾವುದು ಎಂದು ಗುರುತಿಸುವವರು ಯಾರು? ಗುರುತು ತಪ್ಪಿದರೆ ಏನಾಗುತ್ತದೆ?’ ಪ್ರಶ್ನೆ ನ್ಯಾಯವಾದದ್ದೇ. ತಂತ್ರಾಂಶದ ಗುತ್ತಿಗೆಯನ್ನು ನವೀಕರಿಸುವ ವಿಷಯ ಈ ಸಲದ ವಾರ್ಷಿಕ ಮಹಾಸಭೆಯ ಮುಂದೆ ಬರಲಿರುವುದರಿಂದ, ಕೈ ಎತ್ತುವ ಮೊದಲು ಸದಸ್ಯರಿಗೆ ಇದರ ಒಳಗುಟ್ಟು ಸ್ವಲ್ಪವಾದರೂ ತಿಳಿದಿರುವುದು ಒಳ್ಳೆಯದೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಕ್ಲೌಡ್ ಎಂದರೆ ಮೋಡವೇ ಹೌದಾದರೂ ಅದು ಆಕಾಶದಲ್ಲೇನೂ ಇಲ್ಲ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಗಣಕಯಂತ್ರಗಳನ್ನು ಸಾಲಾಗಿ ಜೋಡಿಸಿ, ಅವುಗಳ ಶಕ್ತಿಯನ್ನು ಬೇಕಾದವರಿಗೆ ಬಾಡಿಗೆಗೆ ಕೊಡುವ ವ್ಯಾಪಾರವದು. ನಮ್ಮ ದೇಶದಲ್ಲಿ ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ ಮುಂಬಯಿಯಲ್ಲಿ 2016ರಲ್ಲಿ, ಗೂಗಲ್ ಅದೇ ಮುಂಬಯಿಯಲ್ಲಿ 2017ರಲ್ಲಿ ಇಂಥ ಕೇಂದ್ರಗಳನ್ನು ತೆರೆದವು. ಗೋದಾಮಿನಲ್ಲಿ ಚೀಲಕ್ಕೆ ಇಷ್ಟು, ತಿಂಗಳಿಗೆ ಇಷ್ಟು ಎಂದು ಬಾಡಿಗೆ ಕೊಡುವುದಿಲ್ಲವೇ, ಹಾಗೆಯೇ ಇದು ಕೂಡ.

ಗೋದಾಮು ಎಂದ ಮೇಲೆ ಚೀಟಿಯ ಮಾತು ಬಂದೇ ಬರುತ್ತದೆ. ಕ್ಯೂರಿಂಗ್ ವರ್ಕ್ಸ್‌ಗೆ ನಾವು ಪಾರ್ಚ್‌ಮೆಂಟ್ ಕಳಿಸುತ್ತೇವೆ. ಅಲ್ಲಿ ಹತ್ತಾರು ತೋಟಗಳ ಚೀಲಗಳು ಒಂದೇ ಮಾಡಿನಡಿ ಬಿದ್ದಿರುತ್ತವೆ. ಕಣ್ಣಿಗೆ ಎಲ್ಲವೂ ಒಂದೇ. ನಮ್ಮ ಕಾಫಿ ನಮ್ಮದೇ ಎಂದು ಹೇಳುವುದು ಅದಕ್ಕೆ ಕೊಟ್ಟ ಔಟ್‌ಟರ್ನ್ ನಂಬರ್ ಮಾತ್ರ. ಆ ನಂಬರ್ ಕಾಫಿಯಲ್ಲ. ಅದನ್ನು ಹುರಿಯಲಾಗುವುದಿಲ್ಲ, ಕುಡಿಯಲಾಗುವುದಿಲ್ಲ. ಆದರೂ ಪ್ಲಾಂಟೇಶನ್ ಎ ಎಷ್ಟು ಬಂತು, ಪೀಬೆರಿ ಎಷ್ಟು, ಬಿಟ್ಸ್ ಎಷ್ಟು, ಯಾರ ಖಾತೆಗೆ ಎಷ್ಟು ಎಂಬುದೆಲ್ಲ ತೀರ್ಮಾನವಾಗುವುದು ಅದರಿಂದಲೇ. ಹೀಗೆ ಸರಕಿನ ಬಗೆಗಿನ ಮಾಹಿತಿ ಯಾವುದೋ ಅದನ್ನು ಗಣಕ ಬಲ್ಲವರು ಮೆಟಾಡೇಟಾ ಎಂದು ಕರೆಯುತ್ತಾರೆ. ಸರಕು ಡೇಟಾ, ಚೀಟಿ ಮೆಟಾಡೇಟಾ.

ಚುಕ್ಕಾಣಿ ಹಿಡಿಯುವವನು

ಕ್ಲೌಡಿನಲ್ಲಿ ತಂತ್ರಾಂಶಗಳನ್ನು ನಡೆಸುವ ಮೇಸ್ತ್ರಿಯಂಥ ವ್ಯವಸ್ಥೆಗಳು ಹಲವು ಇವೆ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕುಬರ್ನೆಟೀಸ್. ಇದು ಗ್ರೀಕ್ ಪದ; ಹಡಗಿನ ಚುಕ್ಕಾಣಿ ಹಿಡಿಯುವವನು ಎಂದರ್ಥ. ಗೂಗಲ್ ಸಂಸ್ಥೆ ಇದನ್ನು 2014ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು; 2015ರ ಜುಲೈನಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುತ್ತಿರುವ ನಮ್ಮ ಸದಸ್ಯರ ಮಕ್ಕಳಲ್ಲಿ ಕೆಲವರಿಗಾದರೂ ದಿನವಿಡೀ ಇದರದೇ ಕೆಲಸ. ರಜೆಗೆ ಊರಿಗೆ ಬಂದಾಗ ಕೇಳಿನೋಡಿ, ಉತ್ಸಾಹದಿಂದ ವಿವರಿಸುತ್ತಾರೆ. ಅರ್ಥವಾಗುವುದು ಬಿಡುವುದು ಬೇರೆ ಮಾತು.

ಈ ವ್ಯವಸ್ಥೆಯಲ್ಲಿ ತಂತ್ರಾಂಶದ ಓಡುತ್ತಿರುವ ಒಂದೊಂದು ಪ್ರತಿಗೂ ಪಾಡ್ ಎಂದು ಹೆಸರು. ತೂಕದ ಲೆಕ್ಕ ನೋಡುವ ಪಾಡ್ ಮೂರು ಇರಬೇಕು ಎಂದು ನಾವು ಬರೆದುಕೊಟ್ಟರೆ, ಒಂದು ಸತ್ತರೆ ಇನ್ನೊಂದನ್ನು ತಾನಾಗಿಯೇ ಎಬ್ಬಿಸಿ ಮೂರರ ಲೆಕ್ಕ ಭರ್ತಿ ಮಾಡುವುದು ಮೇಸ್ತ್ರಿಯ ಕೆಲಸ. ಹೀಗೆ ಬರೆದುಕೊಡುವ ಆಜ್ಞಾಪತ್ರಕ್ಕೆ ಡಿಪ್ಲಾಯ್‌ಮೆಂಟ್ ಎನ್ನುತ್ತಾರೆ. ಪಾಡ್‌ಗಳು ಹುಟ್ಟುತ್ತ ಸಾಯುತ್ತ ಇರುವುದರಿಂದ ಅವುಗಳ ಹೆಸರು ನೆನಪಿಟ್ಟುಕೊಂಡು ಪ್ರಯೋಜನವಿಲ್ಲ. ಕೊಯ್ಲಿನ ಕಾಲದಲ್ಲಿ ಬಂದು ಹೋಗುವ ಆಳುಗಳನ್ನು ಗುಂಪಿನ ಲೆಕ್ಕದಲ್ಲಿ ಗುರುತಿಸುವಂತೆ ಇವನ್ನೂ ಚೀಟಿಯಿಂದಲೇ ಗುರುತಿಸಬೇಕು.

ಪ್ರತಿಯೊಂದು ವಸ್ತುವಿನ ತಲೆಯ ಮೇಲೂ ಮೆಟಾಡೇಟಾ ಎಂಬ ಒಂದು ಭಾಗವಿರುತ್ತದೆ. ಹೆಸರು, ಹುಟ್ಟಿದ ಸಮಯ, ಯಾವ ನೇಮ್‌ಸ್ಪೇಸಿಗೆ ಅಂದರೆ ಯಾವ ಕೋಣೆಗೆ ಸೇರಿದ್ದು ಎಂಬುದು, ಮತ್ತು ಯುಐಡಿ ಎಂಬ ಎಂದೂ ಪುನರಾವರ್ತನೆಯಾಗದ ಗುರುತು ಅದರಲ್ಲಿರುತ್ತವೆ. ಒಂದು ವಸ್ತುವನ್ನು ಅಳಿಸಿ ಅದೇ ಹೆಸರಿನಲ್ಲಿ ಮತ್ತೊಂದನ್ನು ಮಾಡಿದರೆ ಹೆಸರು ಒಂದೇ ಆದರೂ ಯುಐಡಿ ಬೇರೆ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಸದಸ್ಯರಿರುವ ನಮಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವುಗಳ ಜೊತೆಗೆ ನಾವೇ ಬರೆದು ಅಂಟಿಸಬಹುದಾದ ಎರಡು ಬಗೆಯ ಚೀಟಿಗಳಿವೆ. ಒಂದು ಲೇಬಲ್, ಇನ್ನೊಂದು ಅನೊಟೇಶನ್ ಅಂದರೆ ಟಿಪ್ಪಣಿ.

ಲೇಬಲ್ ಬೇರೆ, ಟಿಪ್ಪಣಿ ಬೇರೆ

ಲೇಬಲ್ ಇರುವುದು ಹುಡುಕಿ ಆರಿಸುವುದಕ್ಕಾಗಿ. ಅಡಿಕೆ ಚೀಲದ ಮೇಲೆ ರಾಶಿ, ಬೆಟ್ಟೆ, ಗೊರಬಲು ಎಂದು ಬರೆದಂತೆ. ‘ರಾಶಿಯ ಚೀಲಗಳನ್ನೆಲ್ಲ ಈ ಕಡೆಗೆ ತನ್ನಿ’ ಎಂದರೆ ಹಮಾಲರು ಆ ಬರಹ ನೋಡಿಯೇ ಎತ್ತುತ್ತಾರೆ. ಟಿಪ್ಪಣಿ ಇರುವುದು ಓದುವುದಕ್ಕಾಗಿ: ಇದನ್ನು ಯಾರ ಮಾತಿನ ಮೇರೆಗೆ ಬದಲಿಸಲಾಯಿತು, ತೊಂದರೆಯಾದರೆ ಯಾವ ವಿಭಾಗವನ್ನು ಕೇಳಬೇಕು, ಇತ್ಯಾದಿ. ಟಿಪ್ಪಣಿಯನ್ನು ಆಧರಿಸಿ ವ್ಯವಸ್ಥೆ ವಸ್ತುಗಳನ್ನು ಆರಿಸಿಕೊಡುವುದಿಲ್ಲ.

ಬರೆಯುವ ನಿಯಮವೂ ಬೇರೆ ಬೇರೆ. ಟಿಪ್ಪಣಿಯಲ್ಲಿ ಏನನ್ನಾದರೂ ಬರೆಯಬಹುದು, ಕನ್ನಡದಲ್ಲಿಯೂ ಬರೆಯಬಹುದು. ಒಂದು ವಸ್ತುವಿನ ಟಿಪ್ಪಣಿಗಳೆಲ್ಲ ಸೇರಿ 256 ಕಿಲೋಬೈಟ್ ಮೀರಬಾರದು ಅಷ್ಟೆ. ಲೇಬಲ್ ಹಾಗಲ್ಲ. ಅದರ ಬೆಲೆ, ಅಂದರೆ ಬರಹದ ಭಾಗ, 63 ಅಕ್ಷರ ದಾಟುವಂತಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ, ಚುಕ್ಕಿ ಇಷ್ಟಕ್ಕೇ ಅಲ್ಲಿ ಜಾಗ. ಮೊದಲ ಮತ್ತು ಕೊನೆಯ ಅಕ್ಷರ ಗೆರೆ-ಚುಕ್ಕಿ ಆಗಿರಬಾರದು. ನಡುವೆ ಖಾಲಿ ಜಾಗ ಬಿಡುವಂತಿಲ್ಲ. ಕನ್ನಡ ಲಿಪಿಗೆ ಪ್ರವೇಶವೇ ಇಲ್ಲ.

ಇಲ್ಲಿಯೇ ಮಲೆನಾಡಿನವರಿಗೆ ಒಂದು ತೊಡಕಿದೆ. ನಮ್ಮ ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ. ಮೂಡಿಗೆರೆಗೆ ಒಬ್ಬರು ಒಂದು ‘ಯು’ ಹಾಕಿದರೆ ಇನ್ನೊಬ್ಬರು ಎರಡು ‘ಓ’ ಹಾಕುತ್ತಾರೆ. ತೀರ್ಥಹಳ್ಳಿಗೆ ಕೆಲವರು ‘ಟಿ’ಯ ಮುಂದೆ ‘ಎಚ್’ ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಕೊಪ್ಪವನ್ನು ದೊಡ್ಡ ಅಕ್ಷರದಿಂದ ಆರಂಭಿಸಿದರೂ ಸಣ್ಣ ಅಕ್ಷರದಿಂದ ಆರಂಭಿಸಿದರೂ ಮನುಷ್ಯನಿಗೆ ಒಂದೇ ಊರು, ಯಂತ್ರಕ್ಕೆ ಎರಡು. ಶಾಖೆಯ ಹೆಸರಿನಲ್ಲಿ ಲೇಬಲ್ ಹಾಕಿ, ‘ಈ ಶಾಖೆಯದನ್ನೆಲ್ಲ ತೋರಿಸು’ ಎಂದು ಕೇಳಿದಾಗ ಅರ್ಧ ಮಾತ್ರ ಬಂದರೆ ಅದು ಯಂತ್ರದ ದೋಷವಲ್ಲ. ‘ಅರ್ಧ ಬಿಟ್ಟುಹೋಯಿತು’ ಎಂದು ಅದು ಹೇಳುವುದೂ ಇಲ್ಲ. ಆದಕಾರಣ ಊರಿನ ಹೆಸರಿಗಿಂತ ಶಾಖೆಗೊಂದು ಅಂಕಿ ಕೊಟ್ಟು, ಅದನ್ನೇ ಲೇಬಲ್ ಮಾಡಿ, ಕನ್ನಡದ ಹೆಸರನ್ನು ಟಿಪ್ಪಣಿಯಲ್ಲಿ ಬರೆಯುವುದು ಮೇಲು ಎಂದು ನಮ್ಮ ಅಭಿಪ್ರಾಯ.

ಕುಬರ್ನೆಟೀಸಿನವರೇ ಕೆಲವು ಲೇಬಲ್‌ಗಳನ್ನು ಸೂಚಿಸಿದ್ದಾರೆ. ತಂತ್ರಾಂಶದ ಹೆಸರು, ಅದರ ಯಾವ ಪ್ರತಿ, ಆವೃತ್ತಿ, ಯಾವ ಅಂಗ, ಯಾವ ದೊಡ್ಡ ಯೋಜನೆಯ ಭಾಗ, ಯಾವ ಸಾಧನದಿಂದ ನಿರ್ವಹಣೆ, ಹೀಗೆ ಆರು. ಕಡ್ಡಾಯವೇನಲ್ಲ. ಆದರೆ ಗುತ್ತಿಗೆದಾರ ಬದಲಾದಾಗ ಹೊಸಬನಿಗೆ ಓದಲು ಬರುವಂಥ ಚೀಟಿ ಇದ್ದರೆ ನಮಗೇ ಅನುಕೂಲ.

ಚೀಟಿಯೊಂದರಿಂದ ನಡೆಯುವ ಕೆಲಸಗಳು

ಲೇಬಲ್ ಕೇವಲ ಅಲಂಕಾರವಲ್ಲ. ಸದಸ್ಯರ ಫೋನಿನಿಂದ ಬರುವ ಪ್ರಶ್ನೆಯನ್ನು ಯಾವ ಪಾಡ್‌ಗೆ ಕಳಿಸಬೇಕು ಎಂದು ನಿರ್ಧರಿಸುವ ಸರ್ವಿಸ್ ಎಂಬ ಭಾಗ ನೋಡುವುದು ಲೇಬಲ್ಲನ್ನೇ. ಆ ಸರ್ವಿಸ್‌ನಲ್ಲಿ ಬರೆದಿರುವ ಗುರುತಿನಲ್ಲಿ ಒಂದು ಅಕ್ಷರ ತಪ್ಪಿದರೆ ಸಾಕು. ತಂತ್ರಾಂಶ ಸರಿಯಾಗಿಯೇ ಓಡುತ್ತಿರುತ್ತದೆ, ಬಾಡಿಗೆ ಏರುತ್ತಿರುತ್ತದೆ, ಸದಸ್ಯರಿಗೆ ಮಾತ್ರ ಉತ್ತರ ಸಿಗುವುದಿಲ್ಲ. ಹಾಗೆಯೇ ಓಡುತ್ತಿರುವ ಪಾಡ್ ಒಂದರ ಲೇಬಲ್ಲನ್ನು ಯಾರಾದರೂ ಬದಲಿಸಿದರೆ, ಮೇಸ್ತ್ರಿಯ ಲೆಕ್ಕದಲ್ಲಿ ಒಂದು ಕಡಿಮೆಯಾಯಿತು. ಅವನು ಹೊಸದೊಂದನ್ನು ಎಬ್ಬಿಸುತ್ತಾನೆ. ಹಳೆಯದು ಯಾರ ಲೆಕ್ಕಕ್ಕೂ ಸೇರದೆ ಅಲ್ಲೇ ಓಡುತ್ತಿರುತ್ತದೆ. ಬಲ್ಲವರು ಕೆಟ್ಟ ಪಾಡ್ ಒಂದನ್ನು ಬೇರೆ ಇಟ್ಟು ಪರೀಕ್ಷಿಸಲು ಈ ಉಪಾಯವನ್ನು ಬೇಕೆಂದೇ ಬಳಸುವುದುಂಟು. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆಯಲು ಮರೆತರೆ ಅದರ ಬಾಡಿಗೆ ಕೊಡುವವರು ನಾವು.

ಇನ್ನೊಂದು ಸೂಕ್ಷ್ಮವನ್ನು ಅರೇಬಿಕಾ ಬೆಳೆಗಾರರು ಬೇಗ ಹಿಡಿಯುತ್ತಾರೆ. ಬಿಳಿ ಕಾಂಡಕೊರಕದ ಹುಡುಕಾಟದಲ್ಲಿ ಸೋಂಕು ತಗುಲಿದ ಗಿಡಕ್ಕೆ ಬಣ್ಣದ ಗುರುತು ಹಾಕುತ್ತೇವೆ. ಆಮೇಲೆ ‘ಗುರುತಿಲ್ಲದ ಗಿಡಗಳೆಲ್ಲ ಆರೋಗ್ಯವಾಗಿವೆ’ ಎಂದು ಹೇಳಬಹುದೇ? ಆಳುಗಳು ಆ ಸಾಲಿಗೆ ಹೋಗಿಯೇ ಇಲ್ಲದಿದ್ದರೆ? ನೋಡಿ ಬಿಟ್ಟ ಗಿಡಕ್ಕೂ ನೋಡದೆ ಬಿಟ್ಟ ಗಿಡಕ್ಕೂ ಗುರುತಿಲ್ಲ. ಕುಬರ್ನೆಟೀಸಿನಲ್ಲಿಯೂ ಇದೇ. ‘ಪರೀಕ್ಷೆಯದು ಎಂಬ ಲೇಬಲ್ ಅಲ್ಲದ್ದನ್ನೆಲ್ಲ ಆರಿಸು’ ಎಂದರೆ, ಬೇರೆ ಲೇಬಲ್ ಇರುವವು ಮಾತ್ರವಲ್ಲ, ಆ ಲೇಬಲ್ ಹಾಕಿಯೇ ಇಲ್ಲದವೂ ಸೇರಿ ಬರುತ್ತವೆ. ಹೀಗಾಗಿ ಒಳ್ಳೆಯ ಗಿಡಕ್ಕೂ ಒಂದು ಗುರುತು ಬೇಕು. ‘ಅಲ್ಲ’ ಎಂದು ಆರಿಸುವುದಕ್ಕಿಂತ ‘ಹೌದು’ ಎಂದು ಆರಿಸುವುದು ಕ್ಷೇಮ.

ಕ್ಲೈಂಟ್ ಲೈಬ್ರರಿ ಎಂದರೇನು?

ಚೀಟಿಗಳನ್ನು ಒಂದೊಂದಾಗಿ ಕೈಯಿಂದ ಬರೆಯಬಹುದು. ನೂರಾರು ವಸ್ತುಗಳಾದಾಗ ಅದು ಆಗದ ಮಾತು. ಆಗ ಪ್ರೋಗ್ರಾಂ ಬರೆದು ಮಾಡಿಸುತ್ತಾರೆ. ಕುಬರ್ನೆಟೀಸಿನ ಕಚೇರಿಗೆ ಒಂದೇ ಕಿಟಕಿ. ಎಲ್ಲ ಅರ್ಜಿಗಳೂ ಅಲ್ಲಿಯೇ ಹೋಗಬೇಕು. ಆ ಕಿಟಕಿಗೆ ಎಪಿಐ ಎಂದು ಹೆಸರು. ಅರ್ಜಿಯ ನಮೂನೆ, ಸಹಿ, ಮೊಹರು ಎಲ್ಲವೂ ಸರಿಯಿರಬೇಕು. ನಮ್ಮ ಪರವಾಗಿ ಈ ನಮೂನೆಗಳನ್ನು ತುಂಬಿ, ಕಿಟಕಿಯಲ್ಲಿ ಕೊಟ್ಟು, ಉತ್ತರ ತಂದುಕೊಡುವ ಅರ್ಜಿ ಬರಹಗಾರನೇ ಕ್ಲೈಂಟ್ ಲೈಬ್ರರಿ. ಗೋ, ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮುಂತಾದ ಗಣಕ ಭಾಷೆಗಳಿಗೆ ಅಧಿಕೃತ ಲೈಬ್ರರಿಗಳು ಪುಕ್ಕಟೆಯಾಗಿ ಸಿಗುತ್ತವೆ.

ಪೈಥಾನಿನಲ್ಲಿ ಕೆಲಸ ಹೀಗೆ ಸಾಗುತ್ತದೆ. ಮೊದಲು ನಮ್ಮ ಗುರುತು ಮತ್ತು ಕಿಟಕಿಯ ವಿಳಾಸವಿರುವ ಕಡತವನ್ನು ಓದಿಸಬೇಕು. ಅನಂತರ ಇಂಥ ನೇಮ್‌ಸ್ಪೇಸಿನ, ಇಂಥ ಲೇಬಲ್ ಇರುವ ಪಾಡ್‌ಗಳ ಪಟ್ಟಿ ಕೊಡು ಎಂದು ಕೇಳಬೇಕು. ಬಂದ ಪಟ್ಟಿಯ ಒಂದೊಂದರ ಮೆಟಾಡೇಟಾ ನೋಡಿ, ಲೇಬಲ್ ಇಲ್ಲದವು ಯಾವುವು, ಕಾಗುಣಿತ ತಪ್ಪಿದವು ಯಾವುವು ಎಂದು ಕಾಗದಕ್ಕೆ ಇಳಿಸಬಹುದು. ಹತ್ತು ಹನ್ನೆರಡು ಸಾಲಿನ ಪ್ರೋಗ್ರಾಂ ಸಾಕು. ಇಷ್ಟರವರೆಗೆ ಯಾವ ಅಪಾಯವೂ ಇಲ್ಲ, ಓದುವುದಷ್ಟೆ.

ಬದಲಾವಣೆ ಮಾಡುವಾಗ ಎರಡು ದಾರಿ. ಇಡೀ ಪುಟವನ್ನು ತೆಗೆದು ಹೊಸ ಪುಟ ಇಡುವುದು ರಿಪ್ಲೇಸ್. ಬದಲಾಗಬೇಕಾದ ಸಾಲನ್ನಷ್ಟೇ ಕೊಡುವುದು ಪ್ಯಾಚ್. ಒಂದೇ ಲೆಡ್ಜರನ್ನು ಇಬ್ಬರು ಗುಮಾಸ್ತರು ಮನೆಗೆ ಒಯ್ದು, ತಮ್ಮ ತಮ್ಮ ಪ್ರತಿಯಲ್ಲಿ ತಿದ್ದಿ, ಬೆಳಿಗ್ಗೆ ತಂದಿಟ್ಟರೆ ಏನಾದೀತು? ಎರಡನೆಯವನದು ಮೊದಲನೆಯವನ ತಿದ್ದುಪಡಿಯನ್ನು ನುಂಗಿಬಿಡುತ್ತದೆ. ಇದನ್ನು ತಡೆಯಲು ಪ್ರತಿ ವಸ್ತುವಿನ ಮೆಟಾಡೇಟಾದಲ್ಲಿ ರಿಸೋರ್ಸ್ ವರ್ಶನ್ ಎಂಬ ಗುರುತಿದೆ. ತಿದ್ದುಪಡಿಯಾದಾಗಲೆಲ್ಲ ಅದು ಬದಲಾಗುತ್ತದೆ. ಹಳೆಯ ಗುರುತು ಹಿಡಿದು ಪುಟ ಬದಲಿಸಲು ಹೋದರೆ 409 ಎಂಬ ಸಂಖ್ಯೆಯೊಡನೆ ಅರ್ಜಿ ವಾಪಸು ಬರುತ್ತದೆ. ಹೊಸ ಪ್ರತಿ ತೆಗೆದುಕೊಂಡು ಮತ್ತೆ ತಿದ್ದಬೇಕು. ಕೆಲವರು ಸಿಟ್ಟಿನಿಂದ ಆ ಗುರುತನ್ನೇ ಅಳಿಸಿ ಬಲವಂತದಿಂದ ಒಳನುಗ್ಗಿಸುತ್ತಾರೆ; ಅದು ಸರಿಯಲ್ಲ. ಒಂದು ಲೇಬಲ್ ಸೇರಿಸುವಷ್ಟು ಸಣ್ಣ ಕೆಲಸಕ್ಕೆ ಪ್ಯಾಚ್ ಸಾಕು. ಲೇಬಲ್ ತೆಗೆಯಬೇಕಾದರೆ ಅದೇ ಪ್ಯಾಚ್‌ನಲ್ಲಿ ಅದರ ಮುಂದೆ ‘ಏನೂ ಇಲ್ಲ’ ಎಂದು ಕೊಟ್ಟರಾಯಿತು. ಪಟ್ಟಿಯಿಂದ ಸುಮ್ಮನೆ ಬಿಟ್ಟುಬಿಟ್ಟರೆ ಹಳೆಯದು ಹಾಗೆಯೇ ಉಳಿಯುತ್ತದೆ.

ಡಿಪ್ಲಾಯ್‌ಮೆಂಟ್ ವಿಷಯದಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಆಜ್ಞಾಪತ್ರದ ಮೇಲೆ ಲೇಬಲ್ ಅಂಟಿಸಿದರೆ ಅದು ಪಾಡ್‌ಗಳಿಗೆ ಇಳಿಯುವುದಿಲ್ಲ. ಗೋದಾಮಿನ ಬಾಗಿಲಿನ ಬೋರ್ಡು ಬದಲಿಸಿದರೆ ಒಳಗಿನ ಚೀಲಗಳ ಬರಹ ಬದಲಾಗುತ್ತದೆಯೇ? ಪಾಡ್‌ಗಳಿಗೆ ಬೇಕಿದ್ದರೆ ಆಜ್ಞಾಪತ್ರದೊಳಗಿನ ಟೆಂಪ್ಲೇಟ್ ಎಂಬ ಅಚ್ಚಿನಲ್ಲಿ ಬದಲಿಸಬೇಕು. ಅಚ್ಚು ಬದಲಾದೊಡನೆ ಹಳೆಯ ಪಾಡ್‌ಗಳೆಲ್ಲ ಸರದಿಯಂತೆ ಹೋಗಿ ಹೊಸವು ಬರುತ್ತವೆ. ಒಂದು ಚೀಟಿಗಾಗಿ ಇಡೀ ಗ್ಯಾಂಗು ಬದಲಾದಂತೆ. ಜನವರಿಯಲ್ಲಿ, ತೂಕದ ಕಟ್ಟೆಯ ಮುಂದೆ ಜೀಪುಗಳು ಸಾಲುಗಟ್ಟಿ ನಿಂತಿರುವ ಮಧ್ಯಾಹ್ನ ಮಾಡುವ ಕೆಲಸ ಇದಲ್ಲ. ಇನ್ನು ಡಿಪ್ಲಾಯ್‌ಮೆಂಟ್ ತನ್ನ ಪಾಡ್‌ಗಳನ್ನು ಹುಡುಕುವ ಸೆಲೆಕ್ಟರ್ ಇದೆಯಲ್ಲ, ಅದನ್ನು ಒಮ್ಮೆ ಬರೆದ ಮೇಲೆ ತಿದ್ದಲು ಈಗಿನ ನಿಯಮದಲ್ಲಿ ಅವಕಾಶವೇ ಇಲ್ಲ. ಅಳಿಸಿ ಹೊಸದಾಗಿ ಮಾಡಬೇಕು. ಮೊದಲ ದಿನವೇ ಯೋಚಿಸಿ ಬರೆಯಬೇಕೆನ್ನುವುದು ಇದಕ್ಕೇ.

ಎಲ್ಲಕ್ಕಿಂತ ದೊಡ್ಡ ಅಪಾಯ ಅಳಿಸುವ ಆಜ್ಞೆಯಲ್ಲಿದೆ. ‘ಇಂಥ ಲೇಬಲ್ ಇರುವ ಪಾಡ್‌ಗಳನ್ನೆಲ್ಲ ಅಳಿಸು’ ಎಂದು ಒಂದೇ ಸಲ ಹೇಳಬಹುದು. ಆದರೆ ಲೇಬಲ್ ತುಂಬಬೇಕಾದ ಜಾಗ ಯಾವುದೋ ಕಾರಣಕ್ಕೆ ಖಾಲಿ ಉಳಿದರೆ, ಖಾಲಿ ಸೆಲೆಕ್ಟರ್ ಎಂದರೆ ‘ಯಾವುದೂ ಅಲ್ಲ’ ಎಂದು ಯಂತ್ರ ತಿಳಿಯುವುದಿಲ್ಲ, ‘ಎಲ್ಲವೂ’ ಎಂದು ತಿಳಿಯುತ್ತದೆ. ಆ ನೇಮ್‌ಸ್ಪೇಸಿನ ಪಾಡ್‌ಗಳೆಲ್ಲ ಒಮ್ಮೆಗೇ ಹೋಗುತ್ತವೆ. ಪಾಡ್‌ಗಳಾದರೆ ಮೇಸ್ತ್ರಿ ಮತ್ತೆ ಎಬ್ಬಿಸಿಯಾನು. ಡಿಪ್ಲಾಯ್‌ಮೆಂಟುಗಳನ್ನೇ ಹೀಗೆ ಅಳಿಸಿದರೆ ಎಬ್ಬಿಸಲು ಆಜ್ಞಾಪತ್ರವೇ ಇರುವುದಿಲ್ಲ. ಹಾಗಾಗಿ ಅಳಿಸುವ ಮುನ್ನ ಅದೇ ಸೆಲೆಕ್ಟರ್ ಕೊಟ್ಟು ಪಟ್ಟಿ ತರಿಸಿ ಎಣಿಸಬೇಕು. ಸೆಲೆಕ್ಟರ್ ಖಾಲಿಯಿದ್ದರೆ ಪ್ರೋಗ್ರಾಂ ಅಲ್ಲಿಗೇ ನಿಲ್ಲುವಂತೆ ಬರೆದಿರಬೇಕು. ಲೈಬ್ರರಿಯಲ್ಲಿ ಡ್ರೈ ರನ್ ಎಂಬ ಸೌಲಭ್ಯವೂ ಇದೆ. ಅರ್ಜಿ ಸರಿಯಿದೆಯೇ ಎಂದು ಕಚೇರಿ ಪರಿಶೀಲಿಸುತ್ತದೆ, ಏನನ್ನೂ ಬದಲಿಸುವುದಿಲ್ಲ. ಸ್ಪ್ರೇಯರಿಗೆ ಔಷಧ ತುಂಬುವ ಮೊದಲು ಬರೀ ನೀರು ಹಾಕಿ ನಾಝಲ್ ನೋಡುತ್ತೇವಲ್ಲ, ಹಾಗೆ.

ಚೀಟಿಯ ಮೇಲೆ ಬರೆಯಬಾರದ್ದು

ಸದಸ್ಯರ ಹೆಸರು, ಆಧಾರ್ ಸಂಖ್ಯೆ, ಫೋನ್ ನಂಬರ್, ಸಾಲದ ಬಾಕಿ ಇವು ಯಾವುವೂ ಲೇಬಲ್ಲಿನಲ್ಲಾಗಲಿ ಟಿಪ್ಪಣಿಯಲ್ಲಾಗಲಿ ಇರಕೂಡದು. ಗುಪ್ತಪದಗಳೂ ಅಷ್ಟೆ. ಪಟ್ಟಿ ನೋಡುವ ಅಧಿಕಾರವುಳ್ಳ ಎಲ್ಲರ ಕಣ್ಣಿಗೂ ಅವು ಬೀಳುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯ ದೃಷ್ಟಿಯಿಂದಲೂ ಇದು ಸಲ್ಲದು.

ಕಾಫಿ ಬೆಳೆಗಾರರಿಗೆ ಸಂಬಂಧಿಸಿದ ಇನ್ನೊಂದು ಮಾತು. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆ ನಿಯಮದಂತೆ, ಅಲ್ಲಿಗೆ ಹೋಗುವ ಕಾಫಿ ಯಾವ ಜಮೀನಿನಲ್ಲಿ ಬೆಳೆದದ್ದು ಎಂಬುದನ್ನು ಅಕ್ಷಾಂಶ ರೇಖಾಂಶ ಸಮೇತ ತೋರಿಸಬೇಕಾಗುತ್ತದೆ. ನಾಲ್ಕು ಹೆಕ್ಟೇರಿಗೆ ಮೀರಿದ ಜಮೀನಾದರೆ ಸುತ್ತಳತೆಯ ಬಿಂದುಗಳೂ ಬೇಕು. ಅದರ ಜಾರಿ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ. ಅಡಿಕೆ ಅದರ ವ್ಯಾಪ್ತಿಯಲ್ಲಿಲ್ಲ. ಈ ಜಮೀನಿನ ವಿವರವೂ ಕಾಫಿಯ ಬಗೆಗಿನ ಮಾಹಿತಿಯೇ ಆದ್ದರಿಂದ, ಇದನ್ನೂ ಲೇಬಲ್ಲಿಗೆ ಹಾಕಿಬಿಡಬಹುದಲ್ಲ ಎಂದು ಒಬ್ಬ ಸದಸ್ಯರು ಕೇಳಿದ್ದರು. ಕೂಡದು. ಲೇಬಲ್ ತಂತ್ರಾಂಶಕ್ಕೆ ಕಟ್ಟಿದ ಚೀಟಿ, ತೋಟಕ್ಕೆ ಕಟ್ಟಿದ್ದಲ್ಲ. ತೋಟದ ವಿವರ ಇರಬೇಕಾದ್ದು ಡೇಟಾಬೇಸಿನಲ್ಲಿ, ಬೀಗದೊಳಗೆ, ಬ್ಯಾಕಪ್ ಸಮೇತ.

ಮಹಾಸಭೆಯಲ್ಲಿ ಕೇಳಬೇಕಾದ್ದು

ಕರಾರು ಪತ್ರದಲ್ಲಿ ದರ ಎಷ್ಟು ಎಂಬುದನ್ನು ಎಲ್ಲರೂ ನೋಡುತ್ತಾರೆ. ಜೊತೆಗೆ ಇವನ್ನೂ ನೋಡಬೇಕೆಂದು ಕೋರುತ್ತೇವೆ. ಲೇಬಲ್‌ಗಳ ಪಟ್ಟಿ ಮತ್ತು ಅವುಗಳ ಅರ್ಥ ಬರಹದಲ್ಲಿ ಸಂಘದ ಕೈಯಲ್ಲಿ ಇದೆಯೇ? ಗುತ್ತಿಗೆದಾರರು ನಾಳೆ ಬಿಟ್ಟುಹೋದರೆ ನಮ್ಮದು ಯಾವುದೆಂದು ಗುರುತಿಸುವುದಕ್ಕೆ ಬೇರೆ ಆಧಾರವಿಲ್ಲ. ಹಲವು ಸಂಘಗಳ ತಂತ್ರಾಂಶಗಳು ಒಂದೇ ಕಡೆ ಓಡುತ್ತಿದ್ದರೆ ನಮ್ಮ ಪಾಲಿನ ಬಾಡಿಗೆಯನ್ನು ವಿಂಗಡಿಸುವುದು ಯಾವ ಲೇಬಲ್ಲಿನಿಂದ? ಬಿಲ್ಲಿನಲ್ಲಿ ಚೀಟಿಯಿಲ್ಲದ ವಸ್ತುಗಳ ಬಾಬ್ತು ಎಷ್ಟು? ಅಮೆಜಾನಿನಲ್ಲಿ ಇದೇ ಚೀಟಿಗೆ ಟ್ಯಾಗ್ ಎನ್ನುತ್ತಾರೆ, ಒಂದು ವಸ್ತುವಿಗೆ 50ರವರೆಗೆ ಹಾಕಬಹುದು. ಆದ್ದರಿಂದ ಜಾಗವಿರಲಿಲ್ಲವೆಂಬ ಸಬೂಬು ನಡೆಯುವುದಿಲ್ಲ.

ಬದಲಾಯಿಸುವ ಅಧಿಕಾರ ಯಾರ ಯಾರಿಗಿದೆ ಎಂಬುದು ಮುಖ್ಯ. ಕುಬರ್ನೆಟೀಸಿನಲ್ಲಿ ನೋಡುವ ಅಧಿಕಾರ, ಪಟ್ಟಿ ತೆಗೆಯುವ ಅಧಿಕಾರ, ಪ್ಯಾಚ್ ಮಾಡುವ ಅಧಿಕಾರ, ಅಳಿಸುವ ಅಧಿಕಾರ ಎಲ್ಲವನ್ನೂ ಬಿಡಿಬಿಡಿಯಾಗಿ ಕೊಡಬಹುದು. ಆದರೆ ‘ಲೇಬಲ್ ಮಾತ್ರ ಬದಲಿಸಲಿ, ಮಿಕ್ಕಿದ್ದು ಮುಟ್ಟದಿರಲಿ’ ಎಂದು ಈ ಅಧಿಕಾರಪತ್ರದಲ್ಲಿ ಬರೆಯಲು ಬರುವುದಿಲ್ಲ. ಚೀಟಿ ಅಂಟಿಸಲು ಬಿಟ್ಟವನಿಗೆ ಚೀಲ ಬಿಚ್ಚಲು ಬಿಟ್ಟಂತೆಯೇ. ಆದ್ದರಿಂದ ಸಂಘದ ಸಿಬ್ಬಂದಿಗೆ ನೋಡುವ ಅಧಿಕಾರ ಮಾತ್ರ ಇರಲಿ, ಪ್ಯಾಚ್ ಮಾಡುವವರು ಇಬ್ಬರಿಗಿಂತ ಹೆಚ್ಚು ಬೇಡ ಎಂಬುದು ನಮ್ಮ ಸಲಹೆ. ಯಾರು ಯಾವಾಗ ಏನು ಬದಲಿಸಿದರು ಎಂಬ ಆಡಿಟ್ ದಾಖಲೆಯನ್ನು ಬರೆಸುವಂತೆ ವ್ಯವಸ್ಥೆ ಮಾಡಿಸಿಕೊಳ್ಳಬೇಕು; ಕೇಳದೆ ಎಲ್ಲ ಕಡೆಯೂ ಅದು ತಾನಾಗಿ ನಡೆಯುವುದಿಲ್ಲ.

ತಿಂಗಳಿಗೊಮ್ಮೆ ಮೇಲೆ ಹೇಳಿದ ಓದುವ ಪ್ರೋಗ್ರಾಮನ್ನು ಓಡಿಸಿ, ಯಾವ ವಸ್ತುವಿಗೆ ಯಾವ ಲೇಬಲ್, ಯಾವುದಕ್ಕೆ ಇಲ್ಲ ಎಂಬ ಪಟ್ಟಿಯನ್ನು ಸಂಘಕ್ಕೆ ಒಪ್ಪಿಸಬೇಕೆಂಬ ಷರತ್ತನ್ನು ಕರಾರಿಗೆ ಸೇರಿಸುವಂತೆ ಆಡಳಿತ ಮಂಡಲಿಗೆ ಬರೆದಿದ್ದೇವೆ. ಕರಾರಿನ ಕರಡು ಕಚೇರಿಯಲ್ಲಿದೆ. ಸದಸ್ಯರು ಸಂತೆಗೆ ಬಂದ ದಿನ ಬಂದು ಓದಬಹುದು. ಓದಿ ಹೇಳಬಲ್ಲ ಮಕ್ಕಳು ಮನೆಯಲ್ಲಿದ್ದರೆ ಅವರನ್ನೂ ಕರೆತನ್ನಿ.